ರುಜು ಒಂದು, ರುಜುವಾತು ಇನ್ನೊಂದು: ಯಾವ ಪತ್ರಕ್ಕೆ ಯಾವ ವಿದ್ಯುನ್ಮಾನ ಸಹಿ?

ಮೈಸೂರಿನಲ್ಲಿರುವ ನನ್ನ ಚಿಕ್ಕಮ್ಮ ಮನೆಯ ಮೇಲಂತಸ್ತನ್ನು ಬಾಡಿಗೆಗೆ ಕೊಟ್ಟಾಗ ಕರಾರು ಪತ್ರವನ್ನು ವಾಟ್ಸಾಪಿನಲ್ಲೇ ಮುಗಿಸಿದ್ದರು. ಬಾಡಿಗೆದಾರರು ಬಿಳಿ ಹಾಳೆಯ ಮೇಲೆ ಸಹಿ ಮಾಡಿ, ಅದರ ಫೋಟೊ ತೆಗೆದು, ಪಿಡಿಎಫ್‌ನ ಕೊನೆಯ ಪುಟಕ್ಕೆ ಅಂಟಿಸಿ ಕಳುಹಿಸಿದ್ದರು. ಹನ್ನೊಂದು ತಿಂಗಳು ಯಾವ ತಕರಾರೂ ಇಲ್ಲದೆ ಕಳೆಯಿತು. ಮನೆ ಬಿಡುವ ದಿನ, ಮುಂಗಡದಲ್ಲಿ ಬಣ್ಣದ ಖರ್ಚು ಕಳೆಯುವ ಷರತ್ತಿನ ಮಾತು ಬಂತು. "ಆ ಷರತ್ತಿದ್ದ ಪತ್ರಕ್ಕೆ ನಾನು ಸಹಿ ಹಾಕಿಯೇ ಇಲ್ಲ, ನನ್ನ ಸಹಿಯ ಚಿತ್ರವನ್ನು ಯಾರು ಬೇಕಾದರೂ ಅಂಟಿಸಬಹುದು" ಎಂದುಬಿಟ್ಟರು ಅವರು. ಚಿಕ್ಕಮ್ಮ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: "ಆ ಸಹಿ ಕಾನೂನಿನಲ್ಲಿ ನಡೆಯುತ್ತದೆಯೋ ಇಲ್ಲವೋ?"

ಉತ್ತರ ಹುಡುಕುತ್ತ ಹೋದಂತೆ ಪ್ರಶ್ನೆಯನ್ನೇ ಬೇರೆ ರೀತಿ ಕೇಳಬೇಕಿತ್ತು ಎಂದು ನನಗೆ ತಿಳಿಯಿತು. ನಮ್ಮ ಭಾಷೆಯಲ್ಲಿ ಸಹಿಗೆ ರುಜು ಎನ್ನುತ್ತೇವೆ, ಅದನ್ನು ಸಾಬೀತುಪಡಿಸುವುದಕ್ಕೆ ರುಜುವಾತು ಎನ್ನುತ್ತೇವೆ. ವಿದ್ಯುನ್ಮಾನ ಸಹಿಗಳಲ್ಲಿ ಆಯ್ಕೆ ಮಾಡುವಾಗ ನಿಜವಾಗಿ ನೋಡಬೇಕಾದದ್ದು ಈ ಎರಡನೆಯದನ್ನು. "ನಡೆಯುತ್ತದೆಯೇ" ಎಂದರೆ ಹೆಚ್ಚಿನ ಸಂದರ್ಭಗಳಲ್ಲಿ ನಡೆಯುತ್ತದೆ. "ಎದುರಿನವರು ನಾಳೆ ಇದು ನನ್ನದಲ್ಲ ಎಂದರೆ ಯಾರು ಸಾಬೀತುಪಡಿಸಬೇಕು, ಯಾವುದರಿಂದ?" ಎಂದು ಕೇಳಿದರೆ ಮಾತ್ರ ನಾಲ್ಕು ದಾರಿಗಳ ನಡುವಿನ ವ್ಯತ್ಯಾಸ ಕಾಣುತ್ತದೆ. ಆ ದಾರಿಗಳು ಇವು: ಕ್ಲಿಕ್ ಅಥವಾ ಚಿತ್ರದ ಸಹಿ, ಆಧಾರ್ ಇ-ಸಹಿ, ಯುಎಸ್‌ಬಿ ಟೋಕನ್‌ನ ಡಿಜಿಟಲ್ ಸಹಿ, ಮತ್ತು ಹಳೆಯ ಕಾಗದ.

ಕಾನೂನು ಯಾವುದನ್ನು ಸಹಿ ಎನ್ನುತ್ತದೆ

ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದ ಅಕ್ಟೋಬರ್ 17ರಂದು ಜಾರಿಗೆ ಬಂತು. ಬರಹದಲ್ಲಿರಬೇಕು ಎಂದು ಯಾವುದಾದರೂ ಕಾನೂನು ಹೇಳಿದ್ದರೆ, ಮುಂದೆ ಬೇಕಾದಾಗ ತೆರೆದು ನೋಡಬಹುದಾದ ವಿದ್ಯುನ್ಮಾನ ದಾಖಲೆ ಸಾಕು ಎನ್ನುತ್ತದೆ ಅದರ 4ನೇ ಕಲಂ. ಸಹಿ ಇರಬೇಕೆಂದು ಹೇಳಿದ್ದರೆ ವಿದ್ಯುನ್ಮಾನ ಸಹಿ ಸಾಕು ಎನ್ನುತ್ತದೆ 5ನೇ ಕಲಂ. ಆದರೆ ಯಾವುದನ್ನು ಸಹಿ ಎನ್ನಬೇಕು ಎಂಬುದನ್ನು ಕಾಯ್ದೆ ಬಿಗಿಯಾಗಿಯೇ ಕಟ್ಟಿಟ್ಟಿದೆ. ಮೊದಲು ಇದ್ದದ್ದು ಜೋಡಿ ಕೀಲಿಗಳ (ಸಹಿ ಹಾಕಲು ಗುಟ್ಟಾಗಿಡುವ ಖಾಸಗಿ ಕೀಲಿ, ಅದನ್ನು ಪರಿಶೀಲಿಸಲು ಬಹಿರಂಗ ಕೀಲಿ) ಡಿಜಿಟಲ್ ಸಹಿಯೊಂದೇ. 2008ರ ತಿದ್ದುಪಡಿ 2009ರ ಅಕ್ಟೋಬರ್ 27ರಿಂದ ಜಾರಿಯಾದಾಗ "ವಿದ್ಯುನ್ಮಾನ ಸಹಿ" ಎಂಬ ವಿಶಾಲ ಪದ ಸೇರಿತು. ಅದರಲ್ಲಿಯೂ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಸರ್ಕಾರ ಹೆಸರಿಸಿದ ವಿಧಾನಗಳಿಗೆ ಮಾತ್ರ ಮಾನ್ಯತೆ. ಆಧಾರ್ ಮೂಲಕ ಮಾಡುವ ಇ-ಸಹಿ ಆ ಪಟ್ಟಿಗೆ ಸೇರಿದ್ದು 2015ರ ಜನವರಿಯಲ್ಲಿ.

ಹಾಗಾಗಿ ಚಿಕ್ಕಮ್ಮನ ಪಿಡಿಎಫ್‌ಗೆ ಅಂಟಿಸಿದ ಫೋಟೊ ಈ ಕಾಯ್ದೆಯ ಅರ್ಥದಲ್ಲಿ ವಿದ್ಯುನ್ಮಾನ ಸಹಿಯೇ ಅಲ್ಲ. ಹಾಗೆಂದು ಕರಾರು ಬಿದ್ದುಹೋಯಿತೇ? ಇಲ್ಲ. ಇಲ್ಲಿ ಬಹಳ ಜನ ತಪ್ಪು ತಿಳಿದು ಗಾಬರಿಯಾಗುತ್ತಾರೆ. ಭಾರತೀಯ ಕರಾರು ಕಾಯ್ದೆ ಕೇಳುವುದು ಮನಃಪೂರ್ವಕ ಒಪ್ಪಿಗೆ, ಪ್ರತಿಫಲ, ಅರ್ಹ ಪಕ್ಷಗಾರರು ಮತ್ತು ಕಾನೂನುಸಮ್ಮತ ಉದ್ದೇಶ. ಸಾಮಾನ್ಯ ಕರಾರಿಗೆ ಸಹಿ ಇರಲೇಬೇಕೆಂದು ಅದು ಹೇಳುವುದಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಂ ಕೂಡ, ವಿದ್ಯುನ್ಮಾನ ರೂಪದಲ್ಲಿ ಆಗಿದೆ ಎಂಬ ಒಂದೇ ಕಾರಣಕ್ಕೆ ಕರಾರನ್ನು ತಳ್ಳಿಹಾಕಬಾರದು ಎನ್ನುತ್ತದೆ. 2010ರಲ್ಲಿ ಟ್ರೈಮೆಕ್ಸ್ ಮತ್ತು ವೇದಾಂತ ಅಲ್ಯೂಮಿನಿಯಂ ನಡುವಿನ ಬಾಕ್ಸೈಟ್ ವ್ಯವಹಾರದಲ್ಲಿ ಸುಪ್ರೀಂ ಕೋರ್ಟ್ ಇಮೇಲ್‌ಗಳಲ್ಲಿ ಆದ ಪ್ರಸ್ತಾಪ ಮತ್ತು ಒಪ್ಪಿಗೆಯನ್ನೇ ಪೂರ್ಣ ಕರಾರೆಂದು ಎತ್ತಿಹಿಡಿಯಿತು. ಅಂತಿಮ ಕರಾರು ಪತ್ರಕ್ಕೆ ಸಹಿ ಬಿದ್ದಿರಲಿಲ್ಲ ಎಂಬ ವಾದ ನಿಲ್ಲಲಿಲ್ಲ.

ಕರಾರು ಉಳಿಯುತ್ತದೆ, ಸರಿ. ಅದನ್ನು ತೋರಿಸುವ ಭಾರ ಯಾರ ಹೆಗಲಿಗೆ? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 66ನೇ ಕಲಂ ಇದನ್ನು ನೇರವಾಗಿ ಹೇಳುತ್ತದೆ: "ಸುರಕ್ಷಿತ" ವಿದ್ಯುನ್ಮಾನ ಸಹಿಯನ್ನು ಬಿಟ್ಟು ಉಳಿದೆಲ್ಲವನ್ನೂ ಇಂಥವರದೇ ಸಹಿ ಎಂದು ಸಾಬೀತುಪಡಿಸಬೇಕು. 86ನೇ ಕಲಂ ಪ್ರಕಾರ, ಸುರಕ್ಷಿತ ಸಹಿಯಾಗಿದ್ದರೆ ನ್ಯಾಯಾಲಯ ಅದು ಆ ವ್ಯಕ್ತಿಯೇ ಉದ್ದೇಶಪೂರ್ವಕವಾಗಿ ಹಾಕಿದ್ದೆಂದು ಭಾವಿಸಿಯೇ ಮುಂದುವರಿಯುತ್ತದೆ, ಅಲ್ಲವೆನ್ನುವವರು ತಾವೇ ತೋರಿಸಬೇಕು. ನಾಲ್ಕು ದಾರಿಗಳನ್ನು ತೂಗುವ ತಕ್ಕಡಿ ಇದೇ.

ಕ್ಲಿಕ್, ಇಮೇಲ್, ಚಿತ್ರದ ಸಹಿ

ಇದು ಎಲ್ಲಕ್ಕಿಂತ ಸುಲಭ, ಖರ್ಚಿಲ್ಲದ್ದು. ಸಣ್ಣ ಮೊತ್ತ, ಪರಿಚಿತರು, ತಕ್ಷಣ ಮುಗಿಯುವ ಕೆಲಸ ಎಂದರೆ ಇದಕ್ಕಿಂತ ಹೆಚ್ಚಿನದು ಬೇಕಾಗಿಲ್ಲ. ಒಂದು ಮಾತು ಮಾತ್ರ ಒತ್ತಿ ಹೇಳುತ್ತೇನೆ: ಅಂಟಿಸಿದ ಸಹಿಯ ಚಿತ್ರಕ್ಕಿಂತ, "ಲಗತ್ತಿಸಿದ ಕರಾರಿನ ಎಲ್ಲ ಷರತ್ತುಗಳನ್ನು ಓದಿದ್ದೇನೆ, ಒಪ್ಪಿದ್ದೇನೆ" ಎಂದು ಅವರ ಇಮೇಲ್‌ನಿಂದಲೇ ಬಂದ ಒಂದು ಸಾಲಿಗೆ ಹೆಚ್ಚು ಬೆಲೆ. ಚಿತ್ರ ಎಲ್ಲಿಂದ ಬಂತೆಂದು ಅದೇ ಹೇಳಲಾರದು. ಇಮೇಲ್‌ಗೆ ಕಳುಹಿಸಿದ ವಿಳಾಸ, ವೇಳೆ, ಹಿಂದುಮುಂದಿನ ಮಾತುಕತೆ ಎಲ್ಲವೂ ಸಾಕ್ಷಿಯಾಗಿ ನಿಲ್ಲುತ್ತವೆ. ಚಿಕ್ಕಮ್ಮನ ಪ್ರಕರಣದಲ್ಲಿ ಕೊನೆಗೆ ಕೆಲಸಕ್ಕೆ ಬಂದದ್ದೂ ಆ ಸಹಿಯ ಚಿತ್ರವಲ್ಲ. ಬಾಡಿಗೆದಾರರೇ ಹಿಂದೊಮ್ಮೆ "ಬಣ್ಣಕ್ಕೆ ಎಷ್ಟು ಕಳೆಯುತ್ತೀರಿ" ಎಂದು ಕೇಳಿ ಕಳುಹಿಸಿದ್ದ ಸಂದೇಶವೊಂದು ಸಿಕ್ಕಿತು. ಅದನ್ನು ತೋರಿಸಿದ ಮೇಲೆ ಮಾತು ಮುಗಿಯಿತು.

ಆಧಾರ್ ಇ-ಸಹಿ

ಸಾಮಾನ್ಯ ಮನೆ, ಸಣ್ಣ ವ್ಯಾಪಾರ, ಬಾಡಿಗೆ, ಕೆಲಸದ ಕರಾರುಗಳಿಗೆ ನಾನು ಮೊದಲು ಸೂಚಿಸುವುದು ಇದನ್ನೇ. ಪತ್ರವನ್ನು ಸೇವೆಗೆ ಏರಿಸುತ್ತೀರಿ, ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಒಟಿಪಿ ಬರುತ್ತದೆ (ಬೆರಳಚ್ಚಿನಿಂದಲೂ ಆಗುತ್ತದೆ), ಅದನ್ನು ನಮೂದಿಸಿದರೆ ಸಹಿ ಬೀಳುತ್ತದೆ. ಒಳಗೆ ನಡೆಯುವುದು ಸೊಗಸಾಗಿದೆ. ಆ ಕ್ಷಣಕ್ಕೆ ನಿಮ್ಮ ಹೆಸರಿನಲ್ಲಿ ಒಂದು ಜೋಡಿ ಕೀಲಿ ಹುಟ್ಟುತ್ತದೆ, ಪರವಾನಗಿ ಪಡೆದ ಪ್ರಮಾಣೀಕರಣ ಸಂಸ್ಥೆಯೊಂದು ಆ ಕೀಲಿ ನಿಮ್ಮದೇ ಎಂದು ಹೇಳುವ, ಕೇವಲ 30 ನಿಮಿಷ ಬಾಳುವ ಪ್ರಮಾಣಪತ್ರ ಕೊಡುತ್ತದೆ, ಒಂದೇ ಸಹಿ ಹಾಕಿ ಖಾಸಗಿ ಕೀಲಿ ನಾಶವಾಗುತ್ತದೆ. ಕಳೆದುಕೊಳ್ಳಲು ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಪತ್ರಕ್ಕೆ ಆಗುವುದೇನೆಂದು ಹಳ್ಳಿಯ ಹಿರಿಯರೊಬ್ಬರಿಗೆ ವಿವರಿಸಬೇಕಾಗಿ ಬಂದಾಗ ನನಗೆ ಹೊಳೆದದ್ದು ಹೆಬ್ಬೆಟ್ಟು. ಇಡೀ ಪತ್ರವನ್ನು ಗಣಿತದ ಗಾಣಕ್ಕೆ ಹಾಕಿ ಒಂದು ಸಂಖ್ಯೆ ಹಿಂಡುತ್ತಾರೆ, ಅದಕ್ಕೆ ಹ್ಯಾಷ್ ಎನ್ನುತ್ತಾರೆ. ಅದು ಪತ್ರದ ಹೆಬ್ಬೆಟ್ಟು. ಬಾಡಿಗೆಯ ಅಂಕಿಯಲ್ಲಿ ಒಂದು ಸೊನ್ನೆ ಸೇರಿದರೂ, ಒಂದು ಅಲ್ಪವಿರಾಮ ಬದಲಾದರೂ ಆ ಹೆಬ್ಬೆಟ್ಟು ಪೂರಾ ಬೇರೆಯಾಗುತ್ತದೆ. ಸಹಿ ಬೀಳುವುದು ಈ ಸಂಖ್ಯೆಯ ಮೇಲೆ. ಹೀಗಾಗಿ ಸಹಿ ಆದ ನಂತರ ಪುಟ ಬದಲಾಯಿಸಿದರು ಎಂಬ ಹಳೆಯ ಜಗಳಕ್ಕೇ ಜಾಗವಿಲ್ಲ. ಕಾಗದದ ಕರಾರಿಗೂ ಈ ಗುಣವಿಲ್ಲ. ಅಲ್ಲಿ ಪ್ರತಿ ಪುಟಕ್ಕೂ ಸಹಿ ಹಾಕಿಸುತ್ತಿದ್ದದ್ದು ಇದೇ ಭಯಕ್ಕೆ.

ಸಾಕ್ಷ್ಯ ಅಧಿನಿಯಮದ 85ನೇ ಕಲಂ, ಪಕ್ಷಗಾರರ ವಿದ್ಯುನ್ಮಾನ ಅಥವಾ ಡಿಜಿಟಲ್ ಸಹಿಯಿರುವ ಕರಾರು ಹಾಗೆಯೇ ಆಯಿತೆಂದು ನ್ಯಾಯಾಲಯ ಭಾವಿಸಬೇಕು ಎನ್ನುತ್ತದೆ. ಇದರ ನೆರಳು ಆಧಾರ್ ಇ-ಸಹಿಗೂ ಸಿಗುತ್ತದೆ. ಆದರೆ 86ರ "ಸುರಕ್ಷಿತ" ಎಂಬ ಪಟ್ಟ ಬೇಕಾದರೆ ಕೀಲಿ ಸಹಿದಾರರ ಸಂಪೂರ್ಣ ಹಿಡಿತದಲ್ಲಿರಬೇಕು, ಇಲ್ಲಿ ಕೀಲಿ ಹುಟ್ಟುವುದು ಸೇವಾದಾರರ ಯಂತ್ರದಲ್ಲಿ. ಚತುರ ವಕೀಲರಿಗೆ ವಾದ ಮಾಡಲು ಅಷ್ಟು ಎಡೆ ಇದೆ. ನನ್ನ ಚಿಂತೆ ಇನ್ನೂ ನೆಲದ ಮಟ್ಟದ್ದು: ಮನೆಯ ಹಿರಿಯರ ಫೋನ್ ಮಕ್ಕಳ ಕೈಯಲ್ಲಿರುತ್ತದೆ, ಒಟಿಪಿ ಕೇಳಿದವರಿಗೆ ಓದಿ ಹೇಳುವ ಅಭ್ಯಾಸ ಇನ್ನೂ ಹೋಗಿಲ್ಲ. ಇ-ಸಹಿಯ ಒಟಿಪಿ ಕೊಡುವುದೆಂದರೆ ಖಾಲಿ ಛಾಪಾ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಕೊಟ್ಟಂತೆ. ಇದನ್ನು ನಿಮ್ಮ ಮನೆಯ ಹಿರಿಯರಿಗೆ ಇಂದೇ ಹೇಳಿ.

ಆಧಾರ್ ಬಳಸಲು ಮನಸ್ಸಿಲ್ಲದವರು ಬೇಡವೆನ್ನಬಹುದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರಿನ ಪ್ರಕರಣದಲ್ಲಿ 2018ರ ಸೆಪ್ಟೆಂಬರ್ 26ರಂದು ಬಂದ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಖಾಸಗಿ ಕರಾರುಗಳಿಗೆ ಆಧಾರನ್ನು ಕಡ್ಡಾಯ ಮಾಡುವಂತಿಲ್ಲ.

ಯುಎಸ್‌ಬಿ ಟೋಕನ್

ಡಾಂಗಲ್, ಟೋಕನ್, ಡಿಎಸ್‌ಸಿ (ಡಿಜಿಟಲ್ ಸಹಿ ಪ್ರಮಾಣಪತ್ರ) ಎಂದೆಲ್ಲ ಕರೆಯುವ ಈ ಸಣ್ಣ ಕಡ್ಡಿಯಲ್ಲಿ ನಿಮ್ಮ ಖಾಸಗಿ ಕೀಲಿ ಇರುತ್ತದೆ. ಅದು ಅಲ್ಲಿಂದ ಹೊರಬರುವುದಿಲ್ಲ, ಸಹಿ ಆಗುವುದು ಅದರೊಳಗೇ. 2004ರ ಭದ್ರತಾ ನಿಯಮಗಳು "ಸುರಕ್ಷಿತ" ಸಹಿಗೆ ಕೇಳುವುದು ಇದನ್ನೇ, ಆದ್ದರಿಂದ ರುಜುವಾತಿನ ತಕ್ಕಡಿಯಲ್ಲಿ ಇದೇ ಭಾರ. ಎರಡನೇ ದರ್ಜೆಯ ಪ್ರಮಾಣಪತ್ರಗಳು 2021ರ ಜನವರಿ 1ರಿಂದ ನಿಂತಿವೆ, ಈಗ ಬೇಕಾದದ್ದು ಮೂರನೇ ದರ್ಜೆ. ಬೆಂಗಳೂರಿನ ಇಮುದ್ರಾ ಸೇರಿದಂತೆ ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರಿಂದ ಪರವಾನಗಿ ಪಡೆದ ಸಂಸ್ಥೆಗಳು ಇದನ್ನು ಕೊಡುತ್ತವೆ. ಹಣ ತೆರಬೇಕು, ವಿಡಿಯೊ ಪರಿಶೀಲನೆ ಮುಗಿಸಬೇಕು, ಅವಧಿ ಮುಗಿದಾಗ ನವೀಕರಿಸಬೇಕು.

ಕೆಲವರಿಗೆ ಇಲ್ಲಿ ಆಯ್ಕೆಯೇ ಇಲ್ಲ. ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ಸಲ್ಲಿಸುವ ನಮೂನೆಗಳು, ಕಂಪನಿ ಮತ್ತು ಎಲ್‌ಎಲ್‌ಪಿಗಳ (ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ) ಜಿಎಸ್‌ಟಿ ನೋಂದಣಿ, ಕರ್ನಾಟಕ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್‌ನಲ್ಲಿ ಟೆಂಡರ್ ಹಾಕುವುದು, ಇವಕ್ಕೆಲ್ಲ ಟೋಕನ್ ಬೇಕೇ ಬೇಕು. ಒಬ್ಬರೇ ಮಾಲೀಕರಾಗಿರುವ ಅಂಗಡಿಯವರು ಜಿಎಸ್‌ಟಿಗೆ ಒಟಿಪಿಯಲ್ಲೇ ಮುಗಿಸಬಹುದು. ಸಂಬಳದಾರರ ಆದಾಯ ತೆರಿಗೆ ವಿವರಕ್ಕೂ ಟೋಕನ್ ಬೇಡ. ಸಲ್ಲಿಸಿದ 30 ದಿನಗಳೊಳಗೆ ಆಧಾರ್ ಒಟಿಪಿಯಿಂದ ದೃಢೀಕರಿಸಿದರೆ ಸಾಕು, ಆಗದವರು ಕಾಗದದ ಮೇಲೆ ಸಹಿ ಮಾಡಿ ಬೆಂಗಳೂರಿನ ಕೇಂದ್ರಕ್ಕೆ ಅಂಚೆಯಲ್ಲಿ ಕಳುಹಿಸುವ ದಾರಿಯೂ ಉಳಿದಿದೆ.

ಈಗ ನನ್ನನ್ನು ನಿಜಕ್ಕೂ ಕಳವಳಕ್ಕೀಡುಮಾಡುವ ವಿಷಯಕ್ಕೆ ಬರುತ್ತೇನೆ. ಸಣ್ಣ ಉದ್ದಿಮೆಗಳವರಲ್ಲಿ "ನಿಮ್ಮ ಟೋಕನ್ ಎಲ್ಲಿದೆ" ಎಂದು ಕೇಳಿ ನೋಡಿ. "ಆಡಿಟರ್ ಹತ್ತಿರ ಇದೆ" ಎನ್ನುವ ಉತ್ತರವೇ ಬರುತ್ತದೆ. ಪಾಸ್‌ವರ್ಡನ್ನು ಅದರ ಮೇಲೆಯೇ ಚೀಟಿಯಲ್ಲಿ ಬರೆದು ಅಂಟಿಸಿರುತ್ತಾರೆ. ಅತ್ಯಂತ ಬಲವಾದ ಸಹಿ ಎಂದರೆ ಅಲ್ಲಗಳೆಯಲು ಅತ್ಯಂತ ಕಷ್ಟವಾದ ಸಹಿ. ಆ ಬಲ ಈಗ ನಿಮ್ಮ ವಿರುದ್ಧ ಕೆಲಸ ಮಾಡುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 42ನೇ ಕಲಂ ಪ್ರಕಾರ ಕೀಲಿಯನ್ನು ಕಾಪಾಡುವ ಹೊಣೆ ನಿಮ್ಮದು, ಅದು ಬೇರೆಯವರ ಪಾಲಾಗಿದೆ ಎಂದು ಪ್ರಮಾಣೀಕರಣ ಸಂಸ್ಥೆಗೆ ತಿಳಿಸುವವರೆಗೂ ಹೊಣೆ ನಿಮ್ಮ ಮೇಲೆಯೇ. ಬೇರೊಬ್ಬರ ಸಹಿಯನ್ನು ಮೋಸದಿಂದ ಬಳಸಿದವರಿಗೆ 66ಸಿ ಕಲಂ ಅಡಿ 3 ವರ್ಷದವರೆಗೆ ಸೆರೆವಾಸ ಮತ್ತು 1 ಲಕ್ಷ ರೂಪಾಯಿವರೆಗೆ ದಂಡ ಇದೆ ನಿಜ. ಆದರೆ ನೀವೇ ಕೈಯಾರೆ ಕೊಟ್ಟಿದ್ದಾಗ ಮೋಸವೆಂದು ತೋರಿಸುವುದು ಎಷ್ಟು ಕಷ್ಟವೆಂದು ಯೋಚಿಸಿ. ಟೋಕನ್ ಮನೆಯ ತಿಜೋರಿಯ ಕೀಲಿಯ ಜೊತೆ ಇರಲಿ. ಸಹಿ ಬೇಕಾದ ದಿನ ಲೆಕ್ಕಪರಿಶೋಧಕರ ಕಚೇರಿಗೆ ನೀವೇ ಹೋಗಿ, ಏನಕ್ಕೆ ಸಹಿ ಎಂದು ಓದಿ, ಹಾಕಿ ತನ್ನಿ.

ಕಾಗದ ಬಿಡಲಾಗದ ಕಡೆ

ಮಾಹಿತಿ ತಂತ್ರಜ್ಞಾನ ಕಾಯ್ದೆಯ ಮೊದಲನೇ ಅನುಸೂಚಿ ಕೆಲವು ಪತ್ರಗಳನ್ನು ವಿದ್ಯುನ್ಮಾನ ಲೋಕದ ಹೊರಗಿಟ್ಟಿದೆ. ಉಯಿಲು ಅದರಲ್ಲಿ ಮೊದಲು ನೆನಪಿಡಬೇಕಾದದ್ದು. ಮೊಬೈಲ್‌ನಲ್ಲಿ ವಿಡಿಯೊ ಮಾಡಿಟ್ಟರೂ, ಟೋಕನ್‌ನಿಂದ ಸಹಿ ಹಾಕಿದರೂ ಅದು ಉಯಿಲಾಗುವುದಿಲ್ಲ. ಕಾಗದ, ಬರೆಸಿದವರ ಸಹಿ, ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕು. ನ್ಯಾಸಪತ್ರವೂ (ಟ್ರಸ್ಟ್ ಪತ್ರ) ವಿದ್ಯುನ್ಮಾನವಾಗಿ ಆಗುವುದಿಲ್ಲ.

ಕೈಸಾಲ ಕೊಡುವವರು ಇದನ್ನು ಗಮನಿಸಬೇಕು. 2022ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಈ ಅನುಸೂಚಿಯನ್ನು ಸಡಿಲಿಸಿ ಬೇಡಿಕೆಯ ಪ್ರಾಮಿಸರಿ ನೋಟನ್ನು (ಕೇಳಿದಾಗ ಹಣ ಕೊಡುವೆನೆಂದು ಬರೆದುಕೊಡುವ ಪ್ರೋನೋಟು) ವಿದ್ಯುನ್ಮಾನವಾಗಿ ಬರೆಯಲು ಅವಕಾಶ ಕೊಟ್ಟಿತು. ಆದರೆ ಅದು ರಿಸರ್ವ್ ಬ್ಯಾಂಕ್, ಸೆಬಿಯಂಥ ನಿಯಂತ್ರಕರ ಅಡಿಯಲ್ಲಿರುವ ಸಂಸ್ಥೆಗಳ ಪರವಾಗಿ ಬರೆದಾಗ ಮಾತ್ರ. ಸ್ನೇಹಿತರಿಗೆ ಎರಡು ಲಕ್ಷ ಕೊಡುವಾಗ ಪ್ರೋನೋಟು ಬೇಕೆಂದರೆ ಕಾಗದ ಮತ್ತು ರೆವಿನ್ಯೂ ಸ್ಟಾಂಪ್ ಇಂದಿಗೂ ಬೇಕು. ಬೇಡವೆಂದರೆ ಸಾಲದ ಕರಾರನ್ನು ಇ-ಸಹಿಯಿಂದ ಮಾಡಿಕೊಂಡು ಹಣವನ್ನು ಬ್ಯಾಂಕ್ ಮೂಲಕವೇ ಕಳುಹಿಸಿ.

ಸ್ಥಿರಾಸ್ತಿ ಮಾರಾಟದ ಕರಾರನ್ನು ಅದೇ ತಿದ್ದುಪಡಿ ಹೊರಗಿನ ಪಟ್ಟಿಯಿಂದ ತೆಗೆದುಹಾಕಿತು. ಇದನ್ನು ಕೇಳಿ ಕ್ರಯಪತ್ರವನ್ನೂ ಮನೆಯಲ್ಲೇ ಇ-ಸಹಿ ಮಾಡಿ ಮುಗಿಸಬಹುದೆಂದು ಹೇಳುವವರನ್ನು ನಂಬಬೇಡಿ. ನೋಂದಣಿ ಕಾಯ್ದೆಯ 17ನೇ ಕಲಂ ಎಲ್ಲೂ ಹೋಗಿಲ್ಲ. ಕಾವೇರಿ 2.0 ತಂತ್ರಾಂಶದಲ್ಲಿ ಅರ್ಜಿ, ಶುಲ್ಕ, ಸಮಯ ನಿಗದಿ ಆನ್‌ಲೈನ್ ಆಗಿರಬಹುದು, ನೋಂದಣಿ ಆಗದೆ ಆಸ್ತಿ ಕೈ ಬದಲಾಗುವುದಿಲ್ಲ. ಒಂದು ವರ್ಷ ಮೀರಿದ ಬಾಡಿಗೆ ಕರಾರಿಗೂ ಇದೇ ಮಾತು. ಇನ್ನು ಸಹಿ ವಿದ್ಯುನ್ಮಾನವಾದ ಮಾತ್ರಕ್ಕೆ ಮುದ್ರಾಂಕ ಶುಲ್ಕ ಮಾಫಿಯಾಗುವುದಿಲ್ಲ. ಶುಲ್ಕ ಕಟ್ಟದ ಪತ್ರವನ್ನು ಕರ್ನಾಟಕ ಮುದ್ರಾಂಕ ಕಾಯ್ದೆಯ 34ನೇ ಕಲಂ ಸಾಕ್ಷ್ಯವಾಗಿ ಒಪ್ಪುವುದಿಲ್ಲ, ಒಪ್ಪಿಸಬೇಕಾದರೆ ಕೊರತೆಯ ಶುಲ್ಕದ ಜೊತೆ ಅದರ ಹತ್ತು ಪಟ್ಟು ದಂಡ ಕಟ್ಟಬೇಕಾಗಬಹುದು. ಎಷ್ಟು ಬಲವಾದ ಸಹಿ ಇದ್ದರೂ ಇಲ್ಲಿ ಎಡವಿದರೆ ಪ್ರಯೋಜನವಿಲ್ಲ, ಆದ್ದರಿಂದ ಇ-ಸ್ಟಾಂಪ್ ಮೊದಲು, ಇ-ಸಹಿ ಆಮೇಲೆ.

ಹೊರದೇಶದಲ್ಲಿದ್ದುಕೊಂಡು ಊರಿನ ಆಸ್ತಿ ನೋಡಿಕೊಳ್ಳುವವರಿಗೆ ಮುಖ್ತಿಯಾರ್ ಪತ್ರ (ಪವರ್ ಆಫ್ ಅಟಾರ್ನಿ) ಇನ್ನೂ ಕಾಗದದ್ದೇ. ಬ್ಯಾಂಕಿನಂಥ ನಿಯಂತ್ರಿತ ಸಂಸ್ಥೆಗೆ ಕೊಡುವ ಅಧಿಕಾರಪತ್ರಕ್ಕೆ ಮಾತ್ರ 2022ರಲ್ಲಿ ವಿನಾಯಿತಿ ಸಿಕ್ಕಿತು, ತಮ್ಮನಿಗೋ ಅಕ್ಕನಿಗೋ ಕೊಡುವುದಕ್ಕಲ್ಲ. ಭಾರತೀಯ ದೂತಾವಾಸ ಅಥವಾ ಅಲ್ಲಿನ ನೋಟರಿ ಮುಂದೆ ಸಹಿ ಮಾಡಿ, ದೃಢೀಕರಿಸಿ ಕಳುಹಿಸಬೇಕು, ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು.

ಗಡಿಯಾಚೆಯ ವ್ಯವಹಾರ

ಹುಬ್ಬಳ್ಳಿಯಲ್ಲಿ ಕುಳಿತು ಅಮೆರಿಕದ ಗ್ರಾಹಕರಿಗೆ ವಿನ್ಯಾಸ ಮಾಡಿಕೊಡುವ ಯುವಕರು ಡಾಕ್ಯುಸೈನ್‌ನಂಥ ಸೇವೆಯ ಸಹಿ ಸಾಕೇ ಎಂದು ಕೇಳುತ್ತಾರೆ. ಅಮೆರಿಕದ 2000ದ ಕಾನೂನು ಸಹಿಯ ತಂತ್ರಕ್ಕಿಂತ ಸಹಿ ಮಾಡುವ ಉದ್ದೇಶವನ್ನು ನೋಡುತ್ತದೆ, ಕ್ಲಿಕ್ ಸಹಿಯೂ ಅಲ್ಲಿ ಸಹಿಯೇ. ಯುರೋಪಿನಲ್ಲಿ 2016ರ ಜುಲೈನಿಂದ ಅನ್ವಯವಾಗುತ್ತಿರುವ ಐಡಾಸ್ ನಿಯಮ ಸರಳ, ಸುಧಾರಿತ, ಅರ್ಹ ಎಂದು ಮೂರು ಮೆಟ್ಟಿಲು ಕಟ್ಟಿದೆ, ಕೈಸಹಿಗೆ ಸಮಾನವೆಂದು ತಾನಾಗಿ ಒಪ್ಪುವುದು ಕೊನೆಯದನ್ನು ಮಾತ್ರ. ನಮ್ಮಲ್ಲಿ ಅಂಥ ವಿದೇಶಿ ಸೇವೆಯ ಸಾಮಾನ್ಯ ಸಹಿ ಎರಡನೇ ಅನುಸೂಚಿಯೊಳಗೆ ಬರುವುದಿಲ್ಲ, ಆದರೂ 10ಎ ಕಲಂನಿಂದ ಕರಾರು ನಿಲ್ಲುತ್ತದೆ. ಹೀಗಿರುವಾಗ ಸಹಿಗಿಂತ ಮೊದಲು, ಜಗಳವಾದರೆ ಯಾವ ಊರಿನ ನ್ಯಾಯಾಲಯ ಎಂಬ ಷರತ್ತನ್ನು ಓದಿ. ಯಾವ ದೇಶದ ತಕ್ಕಡಿಯಲ್ಲಿ ತೂಗುತ್ತಾರೆಂದು ಅದು ಹೇಳುತ್ತದೆ.

ಸಹಿ ಆದ ಮೇಲೆ ಕಡತ

ಜನ ಸಹಿ ಆಯ್ದುಕೊಳ್ಳುವುದರಲ್ಲಿ ತೋರುವ ಎಚ್ಚರವನ್ನು ಕಡತ ಇಟ್ಟುಕೊಳ್ಳುವುದರಲ್ಲಿ ತೋರುವುದಿಲ್ಲ. ಡಿಜಿಟಲ್ ಸಹಿ ಇರುವುದು ಕಡತದಲ್ಲಿ. ಮುದ್ರಿಸಿದ ಕ್ಷಣ ಅದು ಬರೀ ಚಿತ್ರ. ಮುದ್ರಿತ ಪ್ರತಿ ಇಟ್ಟುಕೊಂಡು ಮೂಲ ಪಿಡಿಎಫ್ ಅಳಿಸಿದರೆ ರುಜುವಾತನ್ನೇ ಎಸೆದಂತೆ. ಸಹಿಯಾದ ಪಿಡಿಎಫ್‌ಗಳನ್ನು ಕುಗ್ಗಿಸುವುದು, ಬೇರೆ ಕಡತದೊಡನೆ ಸೇರಿಸುವುದು ಎರಡೂ ಸಹಿಯನ್ನು ಮುರಿಯುತ್ತವೆ. ತೆರೆದಾಗ ಸಹಿಯ ಮೇಲೆ ಹಳದಿ ಪ್ರಶ್ನಾರ್ಥಕ ಚಿಹ್ನೆ ಕಂಡರೆ ನಕಲಿ ಎಂದು ಹೆದರಬೇಡಿ. ನಿಮ್ಮ ಕಂಪ್ಯೂಟರ್ ಭಾರತದ ಮೂಲ ಪ್ರಮಾಣಪತ್ರವನ್ನು ಇನ್ನೂ ನಂಬಿಲ್ಲ ಎಂದಷ್ಟೇ ಅದರ ಅರ್ಥ ಇರಬಹುದು. ಸಹಿಯ ವಿವರ ತೆರೆದು, ಆ ಮೂಲ ಪ್ರಮಾಣಪತ್ರವನ್ನು ನಂಬಿಕೆಯ ಪಟ್ಟಿಗೆ ಸೇರಿಸಿ ಮತ್ತೆ ಪರಿಶೀಲಿಸಿದರೆ ಹಸಿರು ಗುರುತು ಬರುತ್ತದೆ. ಕೆಂಪು ಗುರುತು ಬಂದು, ಸಹಿಯ ನಂತರ ಪತ್ರ ಬದಲಾಗಿದೆ ಎಂದು ತೋರಿಸಿದರೆ ಆಗ ನಿಲ್ಲಿ.

ಸರ್ಕಾರಿ ದಾಖಲೆಗಳಲ್ಲಿ ಕರ್ನಾಟಕದವರಿಗೆ ಇದು ಹೊಸದೇನಲ್ಲ. ಭೂಮಿ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ ಕೈಬರಹದ ಪಹಣಿಯನ್ನೇ ನಿಲ್ಲಿಸಿ ಎರಡು ದಶಕ ದಾಟಿದೆ. ಡಿಜಿಲಾಕರ್ ಬಂದದ್ದು 2015ರಲ್ಲಿ. ಅದರಲ್ಲಿ ಎರಡು ಬಗೆಯ ದಾಖಲೆಗಳಿರುತ್ತವೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಸಾರಿಗೆ ಇಲಾಖೆಯೋ ಪರೀಕ್ಷಾ ಮಂಡಳಿಯೋ ತಾನೇ ನೇರವಾಗಿ ಅದರೊಳಗೆ ಕೊಟ್ಟ ದಾಖಲೆಗೆ 2017ರ ನಿಯಮದಂತೆ ಮೂಲಪ್ರತಿಯ ಸಮಾನ ಸ್ಥಾನ. ನೀವು ಸ್ಕ್ಯಾನ್ ಮಾಡಿ ಏರಿಸಿದ್ದಕ್ಕೆ ಆ ಸ್ಥಾನವಿಲ್ಲ, ಅದು ಜೆರಾಕ್ಸ್ ಪ್ರತಿಯಷ್ಟೇ. ಇಷ್ಟಾದರೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ 9ನೇ ಕಲಂ ಪ್ರಕಾರ ಯಾವುದೇ ಸರ್ಕಾರಿ ಕಚೇರಿ ವಿದ್ಯುನ್ಮಾನ ರೂಪದಲ್ಲೇ ದಾಖಲೆ ಸ್ವೀಕರಿಸಬೇಕೆಂದು ನೀವು ಹಠ ಹಿಡಿಯುವಂತಿಲ್ಲ. ದೂರದ ಊರಿಗೆ ಸಂದರ್ಶನಕ್ಕೆ ಹೋಗುವಾಗ ಮೂಲ ಅಂಕಪಟ್ಟಿಯನ್ನೂ ಚೀಲದಲ್ಲಿ ಇಟ್ಟುಕೊಳ್ಳಿ.

ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲು ಏರಿದರೆ ವಾಟ್ಸಾಪ್ ಸಂದೇಶ, ಇಮೇಲ್, ಸಿಸಿಟಿವಿ ಯಾವುದೇ ಇರಲಿ, ಅದರ ಪ್ರತಿ ಅಥವಾ ಮುದ್ರಣದ ಜೊತೆ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರ ಬೇಕು. ಹಳೆಯ ಕಾನೂನಿನ 65ಬಿ ಇದೇ. ಸುಪ್ರೀಂ ಕೋರ್ಟಿನ 2014ರ ಅನ್ವರ್ ಪ್ರಕರಣ ಇದನ್ನು ಕಡ್ಡಾಯ ಎಂದಿತು, 2020ರ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣ ಅದನ್ನು ಎತ್ತಿಹಿಡಿದು, ಮೂಲ ಸಾಧನವನ್ನೇ ಅದರ ಒಡೆಯರು ತಂದು ತೋರಿಸಿದರೆ ಪ್ರಮಾಣಪತ್ರ ಬೇಡ ಎಂದಿತು. ಹೊಸ ನಮೂನೆಯಲ್ಲಿ ಎರಡು ಭಾಗ: ಒಂದನ್ನು ನೀವು ತುಂಬಬೇಕು, ಇನ್ನೊಂದನ್ನು ತಜ್ಞರು. ಎರಡರಲ್ಲೂ ದಾಖಲೆಯ ಹ್ಯಾಷ್ ಬರೆಯಬೇಕು, ಪತ್ರದ ಆ ಹೆಬ್ಬೆಟ್ಟನ್ನೇ.

ಆದ್ದರಿಂದ ಹಳೆಯ ಫೋನ್ ಮಾರುವ ಮುನ್ನ, ನಡೆಯುತ್ತಿರುವ ಯಾವುದಾದರೂ ಕರಾರಿನ ಮಾತುಕತೆ ಅದರಲ್ಲಿದೆಯೇ ಎಂದು ನೋಡಿ. ಇದ್ದರೆ ಫೋನನ್ನು ಅಳಿಸದೆ ಕಪಾಟಿನಲ್ಲಿಡಿ. ಚಿಕ್ಕಮ್ಮನ ಬಳಿ ಈಗ ಅಂಥ ಒಂದು ಫೋನ್ ಇದೆ, ಪಕ್ಕದಲ್ಲಿ ಹೊಸ ಬಾಡಿಗೆದಾರರ ಕರಾರಿರುವ ಪೆನ್‌ಡ್ರೈವ್. ಈ ಬಾರಿ ಇಬ್ಬರೂ ಅವರವರ ಫೋನಿಗೆ ಬಂದ ಒಟಿಪಿಯಿಂದ ಇ-ಸಹಿ ಹಾಕಿದ್ದಾರೆ, ಬಣ್ಣದ ಷರತ್ತು ಮೂರನೇ ಪುಟದಲ್ಲಿದೆ.